ಅತ್ತೆಯ ಗೇಟಿನ ಪ್ರಶ್ನೆಪತ್ರಿಕೆ

ನಮ್ಮತ್ತೆ ದೇವಸ್ಥಾನದಲ್ಲಿ ತೀರ್ಥ ಕೊಟ್ಟರೂ ಮೂಸಿ ನೋಡಿಯೇ ಕುಡಿಯುವುದು! ಅರ್ಚಕರು ಎಷ್ಟೋ ವರ್ಷದ ಪರಿಚಯದವರು. ಪಾಪ, ಒಂದು ದಿನ ತಡೆಯಲಾರದೆ “ಯಾಕಮ್ಮಾ, ಏನಾದ್ರೂ ವಾಸನೆ ಬರ್ತಿದ್ಯಾ?” ಅಂತ ಕೇಳಿಯೇ ಬಿಟ್ಟರು. “ಇಲ್ಲ ಸ್ವಾಮಿ, ಪಚ್ಚಕರ್ಪೂರ ಹಾಕಿದೀರೋ ಇಲ್ವೋ ಅಂತ ನೋಡ್ದೆ” ಅಂದರಂತೆ ಅತ್ತೆ. ದೇವರು ಆಗ ನಕ್ಕನೋ ಬಿಟ್ಟನೋ ನನಗೆ ಗೊತ್ತಿಲ್ಲ. ಅರ್ಚಕರಂತೂ ಮಾರನೆಯ ದಿನದಿಂದ ಪಚ್ಚಕರ್ಪೂರ ಜಾಸ್ತಿ ಹಾಕುತ್ತಿದ್ದಾರೆ.

ಅತ್ತೆ ಅಂದರೆ ಹೆಂಡತಿಯ ತಾಯಿ ಅಂದುಕೊಂಡು ನನ್ನ ಸಂಸಾರಕ್ಕೆ ಕಲ್ಲು ಹಾಕಬೇಡಿ! ಇವರು ನಮ್ಮಪ್ಪನ ಸ್ವಂತ ತಂಗಿ, ನನ್ನ ಸೋದರತ್ತೆ. ಹೆಸರು ಬರೆಯುವುದಿಲ್ಲ. ಬರೆದರೆ “ನನ್ನ ಹೆಸರನ್ನ ಯಾರಿಗೆ ಮಾರ್ಕೊಂಡೆ?” ಅಂತ ಕೇಳುತ್ತಾರೆ.

ಅತ್ತೆ ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆಗಿದ್ದವರು. ಗಣಿತ ಹೇಗೆ ಹೇಳಿಕೊಡುತ್ತಿದ್ದರು ಎಂಬ ಬಗ್ಗೆ ಅವರ ಶಿಷ್ಯರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಪರೀಕ್ಷೆ ಹಾಲಿನಲ್ಲಿ ಕಾಪಿ ಹಿಡಿಯುವುದರಲ್ಲಿ ಮಾತ್ರ ಎರಡು ಮಾತಿಲ್ಲ. ಅಂಗಿಯ ತೋಳು, ಕಂಪಾಸ್ ಬಾಕ್ಸಿನ ತಳ, ಸಾಕ್ಸಿನ ಒಳಗು, ಎಲ್ಲಿ ಚೀಟಿ ಇದ್ದರೂ ಬಾಗಿಲಲ್ಲಿ ನಿಂತೇ ಪತ್ತೆ ಮಾಡುತ್ತಿದ್ದರಂತೆ. ಅತ್ತೆ ಒಳಗೆ ಬಂದ ತಕ್ಷಣ ಹುಡುಗರು ಚೀಟಿ ನುಂಗಿದ್ದೂ ಉಂಟು. “ಅದೇನ್ ಕಣ್ಣಾ ಸಾರ್, ಎಕ್ಸ್‌ರೇ ಮಿಷನ್ನು!” ಅಂತ ಅವರ ಹಳೆಯ ವಿದ್ಯಾರ್ಥಿಯೊಬ್ಬ ನನ್ನ ಹತ್ತಿರ ಹೇಳಿದ್ದಾನೆ. ಅವನು ಏನು ನುಂಗಿದ್ದನೋ, ನಾನು ಕೇಳಲಿಲ್ಲ. ಆ ಕಣ್ಣಿನ ಬಗ್ಗೆ ಅತ್ತೆಗೂ ಬಹಳ ಹೆಮ್ಮೆ.

ಮದುವೆ? ಅದೂ ಅನುಮಾನದಲ್ಲೇ ಹೋಯಿತು. ನೋಡಲು ಬಂದ ಗಂಡಿಗೆ ಉಪ್ಪಿಟ್ಟಿನ ತಟ್ಟೆ ಕೊಡುವ ಮುಂಚೆಯೇ “ನಿಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತಂದಿದೀರಾ?” ಅಂತ ಕೇಳಿದರಂತೆ. ಅದರಲ್ಲಿ ಹುಟ್ಟಿದ ತಾರೀಕು ಇರುತ್ತದಲ್ಲ, ವಯಸ್ಸು ಮುಚ್ಚಿಡುತ್ತಿದ್ದಾನೆ ಅಂತ ಗುಮಾನಿ! ಗಂಡಿನ ಕಡೆಯವರು ಉಪ್ಪಿಟ್ಟು ತಿಂದು ಎದ್ದು ಹೋದರು, ಮತ್ತೆ ಈ ಕಡೆ ತಲೆ ಹಾಕಲಿಲ್ಲ. “ನೋಡಿದ್ರಾ? ಮಾರ್ಕ್ಸ್ ಕಾರ್ಡಲ್ಲಿ ಏನೋ ಇತ್ತು” ಅಂತ ಅತ್ತೆ ಇವತ್ತಿಗೂ ಹೇಳುತ್ತಾರೆ.

ಅವರು ಅನುಮಾನಪಡದೆ ಬಾಗಿಲು ತೆರೆಯುತ್ತಿದ್ದದ್ದು ಒಬ್ಬರಿಗೇ, ನಮ್ಮಪ್ಪನಿಗೆ. ಜೆ.ಪಿ. ನಗರದಲ್ಲಿ, ಜರಗನಹಳ್ಳಿ ಕಡೆಗೆ ಅತ್ತೆಯ ಪುಟ್ಟ ಮನೆ. ಅಪ್ಪ ಅಲ್ಲಿಗೆ ಹೋದರೆ ಬೆಲ್ ಒತ್ತುತ್ತಿರಲಿಲ್ಲ. ಗೇಟಿನ ಹತ್ತಿರ ನಿಂತು ಕೆಮ್ಮುತ್ತಿದ್ದರು. ಎರಡು ಸಲ ಚಿಕ್ಕದಾಗಿ, ಆಮೇಲೆ ಒಂದು ಸಲ ಉದ್ದಕ್ಕೆ. “ಅಣ್ಣ ಬಂದ” ಅಂತ ಅತ್ತೆ ಒಳಗಿನಿಂದಲೇ ಕಾಫಿಗೆ ಇಟ್ಟು ಬರುತ್ತಿದ್ದರು. ಪ್ರತಿ ಗೌರಿ ಹಬ್ಬಕ್ಕೂ ಅಪ್ಪ ತಂಗಿಗೆ ಹೂವು, ಹಣ್ಣು, ಸೀರೆ ಕೊಟ್ಟು ಬರುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಬೆಲ್ ಒತ್ತುವ ಪೈಕಿ.

ಇನ್ನು ನನ್ನ ವಿಷಯ. ನಾನು ವೆಬ್ ಡಿಸೈನರ್. ಸುದ್ದಗುಂಟೆಪಾಳ್ಯದ ಬಾಡಿಗೆ ಮನೆಯ ಒಂದು ರೂಮಿನಲ್ಲಿ ಕೂತು ಸೀರೆ ಅಂಗಡಿಯವರಿಗೆ, ಹಲ್ಲಿನ ಡಾಕ್ಟರಿಗೆ, ಯೋಗ ಕ್ಲಾಸಿನವರಿಗೆ ವೆಬ್‌ಸೈಟು ಮಾಡಿಕೊಡುತ್ತೇನೆ. ಅತ್ತೆಗೆ ನನ್ನ ಕಸುಬಿನ ಮೇಲೇ ಗುಮಾನಿ. “ಅಂಗಡಿ ಎಲ್ಲಿದ್ಯೋ ಗೊತ್ತಿಲ್ಲ, ಮಾಲು ಮುಟ್ಟೋಹಾಗಿಲ್ಲ, ಮಾರೋನ ಮುಖ ಕಾಣಲ್ಲ. ಇಂಟರ್ನೆಟ್ ಅಂದ್ರೆ ಮೇಲ್ವಿಚಾರಕರೇ ಇಲ್ದಿರೋ ಪರೀಕ್ಷೆ ಹಾಲು ಕಣೋ. ನೀನು ಅಲ್ಲಿ ಬೆಂಚು ಜೋಡ್ಸೋನು” ಅಂದರು. ನನ್ನ ಕೆಲಸವನ್ನು ಇಷ್ಟು ಚೊಕ್ಕವಾಗಿ ನಾನೇ ಯಾರಿಗೂ ವಿವರಿಸಿಲ್ಲ, ಬಿಡಿ!

ಮೊದಲೇ ಇಂಥವರು, ಸಾಲದ್ದಕ್ಕೆ ಒಂದು ದಿನ ಟಿ.ವಿ.ಯಲ್ಲಿ ಏನೋ ಕೇಳಿದರು. ಕಳ್ಳರು ಈಗ ನಮ್ಮ ಮನೆಯವರ ಧ್ವನಿಯನ್ನೇ ನಕಲು ಮಾಡಿ ಫೋನ್ ಮಾಡುತ್ತಾರೆ, ಓಟಿಪಿ ಕೇಳುತ್ತಾರೆ ಅಂತ. ಧ್ವನಿಯನ್ನೂ ಕಾಪಿ ಹೊಡೆಯುತ್ತಾರಾ! ಅತ್ತೆ ಸೆರಗು ಬಿಗಿದರು. ಅಂದಿನಿಂದ ನಮ್ಮ ವಂಶದಲ್ಲಿ ಯಾರು ಫೋನ್ ಮಾಡಿದರೂ ಮೊದಲು ಒಂದು ಪ್ರಶ್ನೆ. ಸರಿಯುತ್ತರ ಕೊಟ್ಟರೆ ಮಾತು, ಇಲ್ಲದಿದ್ದರೆ ಟಕ್ ಅಂತ ಕಟ್.

“ನಿಮ್ಮಜ್ಜಿ ಸಾಕಿದ್ದ ಹಸು ಹೆಸರೇನು?”

“ಕಪಿಲೆ, ಅತ್ತೆ.”

“ಸರಿ, ಹೇಳು, ತಿಂಡಿ ಆಯ್ತಾ?”

ಮುಂದಿನ ಸಲ ‘ಕಪಿಲೆ’ ಅಂತ ತಯಾರಾಗಿ ಹೋದರೆ ಪ್ರಶ್ನೆಯೇ ಬೇರೆ. “ಒಂದೇ ಪ್ರಶ್ನೆ ಕೇಳಿದ್ರೆ ಪೇಪರ್ ಲೀಕ್ ಆಗಲ್ವೇನೋ?” ಅಂತಾರೆ. ನನ್ನ ಹೆಂಡತಿಗಂತೂ ಬಿದ್ದದ್ದು ಭಯಂಕರ ಪ್ರಶ್ನೆ. “ನಿನ್ನ ಮದುವೆ ದಿನ ಸಾರಿಗೆ ಉಪ್ಪು ಜಾಸ್ತಿಯಾಗಿತ್ತೋ, ಸರಿಯಾಗಿತ್ತೋ?” ಊಟದ ಖರ್ಚು ಅವಳ ಅಪ್ಪನದು. ಅವಳು ಬಿಟ್ಟುಕೊಡುತ್ತಾಳೆಯೇ? “ಸರಿಯಾಗೇ ಇತ್ತು ಅತ್ತೆ” ಅಂದಳು. ಟಕ್! ಮತ್ತೆ ಮಾಡಿದಳು, ಮತ್ತೆ ಅದೇ ಪ್ರಶ್ನೆ, ಮತ್ತೆ ಟಕ್. ಕೊನೆಗೆ ಹಲ್ಲು ಕಚ್ಚಿಕೊಂಡು “ಜಾಸ್ತಿಯಾಗಿತ್ತು” ಅಂದಳು. “ಹಾಂ, ಈಗ ನಂಬ್ದೆ, ನೀನೇ” ಅಂದರು ಅತ್ತೆ. ಆ ದಿನ ನನಗೆ ಸಾರಿನಲ್ಲಿ ಉಪ್ಪೇ ಇರಲಿಲ್ಲ.

“ಅಲ್ಲ ಅತ್ತೆ, ನಾನು ಫೋನ್ ಮಾಡಿದ್ರೆ ಸ್ಕ್ರೀನ್ ಮೇಲೆ ನನ್ನ ಹೆಸರು ಬರುತ್ತೆ, ದೊಡ್ಡದಾಗಿ ಫೋಟೋ ಬರುತ್ತೆ. ಮತ್ತೆ ಯಾಕೆ ಈ ಪರೀಕ್ಷೆ?” ಅಂತ ಒಮ್ಮೆ ಕೇಳಿದೆ.

“ಹೆಸರು ಯಾರ್ ಬೇಕಾದ್ರೂ ಹಾಕ್ಕೋಬಹುದು. ಫೋಟೋನೂ ಅಷ್ಟೆ.”

ಯಾರದೋ ಫೋಟೋಗೆ ಯಾರದೋ ಹೆಸರು ಹಾಕಿ ‘ನಮ್ಮ ಗಿರಾಕಿಗಳ ಅಭಿಪ್ರಾಯ’ ಅಂತ ವೆಬ್‌ಸೈಟಿನಲ್ಲಿ ಅಂಟಿಸುವವನು ನಾನೇ ತಾನೇ!

ಪರೀಕ್ಷೆ ಫೋನಿನಿಂದ ಗೇಟಿಗೂ ಬಂತು. ಗೇಟಿನಲ್ಲಿ ನಿಂತವರು ಸೊಪ್ಪಿನವಳಾಗಲಿ, ಸ್ವಂತ ಅಣ್ಣನ ಮಗನಾಗಲಿ, “ಯಾರು? ಜೋರಾಗಿ ಹೇಳಿ!” ಒಂದು ದಿನ ನಾನಿದ್ದಾಗಲೇ ಡೆಲಿವರಿಯವನು ಬಂದ. ಅವನ ಕೈಯಲ್ಲೇ ಡಬ್ಬದ ಮೇಲಿನ ವಿಳಾಸವನ್ನೆಲ್ಲ ಓದಿಸಿದರು. “ಮೇಡಂ, ಕನ್ನಡ ಮೀಡಿಯಂ ನಾನು, ಇಂಗ್ಲೀಷಲ್ಲಿದೆ ಇದು” ಅಂತ ಆತ ಬೆವರು ಒರೆಸಿಕೊಂಡ. “ಪರವಾಗಿಲ್ಲ, ಒಂದೊಂದೇ ಅಕ್ಷರ ಕೂಡ್ಸಿ ಓದಿ” ಅಂದರು ಮೇಡಂ. ಪಿನ್‌ಕೋಡಿನವರೆಗೂ ಓದಿ ಮುಗಿಸಿದ ಮೇಲೆಯೇ ಡಬ್ಬ ಒಳಗೆ ಬಂದದ್ದು. “ಅತ್ತೆ, ನೀವೇ ಓದ್ಕೋಬಹುದಲ್ಲ?” ಅಂದೆ. “ಕಳ್ಳನಾಗಿದ್ರೆ ಓದುವಾಗ ತಡವರಿಸ್ತಾನೆ. ಅದಕ್ಕೆ” ಅಂದರು. ಪಾಪ, ಆತ ಪೂರ್ತಿ ತಡವರಿಸಿಯೇ ಓದಿದ್ದ!

ಹಗಲು ಹೊತ್ತಿನಲ್ಲೂ ಮನೆಯ ಟ್ಯೂಬ್‌ಲೈಟುಗಳೆಲ್ಲ ಉರಿಯುತ್ತಿದ್ದವು. ಯಾಕೆ ಎಂದರೆ “ಕಳ್ಳರಿಗೆ ಬೆಳಕು ಆಗಲ್ಲ.” ಫೋನಿನ ಕ್ಯಾಮೆರಾಕ್ಕೆ ಹಣೆಯ ಬೊಟ್ಟು ಅಂಟಿಸಿಟ್ಟರು. ಮೆರೂನ್ ಬಣ್ಣದ ದೊಡ್ಡ ಬೊಟ್ಟು. ವಿಡಿಯೋ ಕಾಲ್ ಮಾಡಿದರೆ ನಮಗೆ ಕಾಣುತ್ತಿದ್ದದ್ದು ಬರೀ ಕತ್ತಲೆ. “ನಿಮ್ಮ ಮುಖ ಕಾಣ್ತಿಲ್ಲ ಅತ್ತೆ” ಅಂದರೆ “ನಿನ್ನ ಮುಖ ನನಗೂ ಬೇಕಿಲ್ಲ ಕಣೋ, ಮಾತು ಸಾಕು” ಅನ್ನುತ್ತಿದ್ದರು. ನನ್ನ ಮುಖದ ಬಗ್ಗೆ ನನಗೂ ಅಂಥ ಅಭಿಮಾನವೇನಿಲ್ಲ, ಆದರೂ ಸ್ವಲ್ಪ ಬೇಜಾರಾಯಿತು.

ಜಯನಗರದ ಸೀರೆ ಅಂಗಡಿಯೊಂದಕ್ಕೆ ವೆಬ್‌ಸೈಟು ಮಾಡುತ್ತಿದ್ದೆ. ಅತ್ತೆಗೆ ತೋರಿಸೋಣ, ಸೀರೆ ಅಂದರೆ ಹೆಂಗಸರು ಕರಗುತ್ತಾರೆ ಅಂತ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆ. ನಿಮಗೆ ಗೊತ್ತಿರಬಹುದು, ಯಾವ ವೆಬ್‌ಸೈಟು ತೆರೆದರೂ ಮೊದಲು ಒಂದು ಚೌಕ ಎದ್ದು ನಿಲ್ಲುತ್ತದೆ. ನಮ್ಮ ಷರತ್ತಿಗೆ ಒಪ್ಪಿದ್ದೀರಾ ಅಂತ. ‘ಒಪ್ಪಿದೆ’ ಅನ್ನುವ ಗುಂಡಿ ದಪ್ಪಗೆ, ಹಸಿರಾಗಿ ಇರುತ್ತದೆ. ‘ಬೇಡ’ ಅನ್ನುವುದು ತೆಳ್ಳಗೆ, ಬೂದು ಬಣ್ಣದಲ್ಲಿ ಮೂಲೆಯಲ್ಲಿರುತ್ತದೆ. ಗಿರಾಕಿಗಳು ಹಾಗೇ ಬೇಕು ಅಂತಾರೆ, ನಾವು ಹಾಗೇ ಮಾಡುತ್ತೇವೆ.

“ಏನಿದೆ, ಓದು” ಅಂದರು ಅತ್ತೆ. ಓದಿದೆ.

“ಬೇಡ ಅನ್ನೋಕೆ ಎಲ್ಲಿ ಒತ್ಬೇಕು?”

“ಇಲ್ಲೇ ಇದ್ಯಲ್ಲ ಅತ್ತೆ, ಕೆಳಗಡೆ.”

ಅತ್ತೆ ಮೂಗು ಸ್ಕ್ರೀನಿಗೆ ತಾಗುವಷ್ಟು ಬಗ್ಗಿದರು. “ಅಲ್ಲಿ ಏನೂ ಇಲ್ಲ.”

“ಇದೆ ಅತ್ತೆ! ನೋಡಿ, ಇಲ್ಲಿ!”

“ಏನೂ ಇಲ್ಲ ಅಂದ್ನಲ್ಲ! ಬೇಡ ಅನ್ನೋ ಮಾತನ್ನೇ ಬಚ್ಚಿಟ್ಟಿದೀಯ ನೀನು. ಹಾಲಲ್ಲಿ ಬೆಂಚು ಜೋಡಿಸ್ತೀಯ ಅಂದ್ಕೊಂಡಿದ್ದೆ. ಚೀಟಿನೂ ನೀನೇ ಬರ್ಕೊಡ್ತೀಯ!”

ಅಬ್ಬಾ! ಟೀಕೆ ಅಂದರೆ ಇದು ಅಂದುಕೊಂಡೆ. ದಾರಿಯುದ್ದಕ್ಕೂ ಅದೇ ಕೊರೆಯಿತು. ಮನೆಗೆ ಬಂದು ‘ಬೇಡ’ವನ್ನೂ ದಪ್ಪಗೆ, ಕಪ್ಪಗೆ ಮಾಡಿದೆ. ಸೀರೆ ಅಂಗಡಿಯವರು ಮುಖ ಊದಿಸಿಕೊಂಡು ಅದನ್ನು ಮತ್ತೆ ಬೂದು ಮಾಡಿಸಿದರು.

ಅನುಮಾನ ಅಂಟುರೋಗ, ಸ್ವಾಮಿ! ಸ್ವಲ್ಪ ದಿನದಲ್ಲಿ ನನಗೆ ಅತ್ತೆಯ ಮೇಲೆಯೇ ಅನುಮಾನ ಶುರುವಾಯಿತು. ಮೊದಲು ಬಸ್ಸು ಹತ್ತಿ ನಮ್ಮ ಮನೆಗೆ ಬರುತ್ತಿದ್ದವರು ಬರುವುದೇ ನಿಲ್ಲಿಸಿದರು. ಪಾರ್ಕಿನ ಗೆಳತಿಯರ ಜೊತೆ ವಾಕಿಂಗ್ ನಿಂತಿತು. ಕೇಳಿದರೆ “ಕಾಲ ಸರಿಯಿಲ್ಲ” ಅನ್ನುವುದು. ಫೋನ್ ಕೊಡಿ, ಅಪ್‌ಡೇಟ್ ಮಾಡಿಕೊಡ್ತೀನಿ ಅಂದರೆ ಸೆರಗಿನಲ್ಲಿ ಮುಚ್ಚಿಕೊಳ್ಳುವುದು. ಏನನ್ನೋ ಬಚ್ಚಿಡುತ್ತಿದ್ದಾರೆ, ಅದರಲ್ಲಿ ಸಂಶಯವೇ ಇರಲಿಲ್ಲ. ಯಾರಾದರೂ ಪೊಲೀಸರ ವೇಷದಲ್ಲಿ ಫೋನಿನಲ್ಲಿ ಹೆದರಿಸಿ, ಯಾರಿಗೂ ಹೇಳಬೇಡಿ ಅಂತ ಕಟ್ಟಿಹಾಕಿದ್ದಾರೆಯೇ? ದಿನಾ ಪೇಪರಿನಲ್ಲಿ ಓದುತ್ತೇವಲ್ಲ! ಒಬ್ಬರೇ ಇರುವ ಹೆಂಗಸು. ನನ್ನ ಹೆಂಡತಿಯೂ, ಉಪ್ಪಿನ ಸಿಟ್ಟು ಮರೆತು, “ಏನೋ ಇದೆ ರೀ. ನನಗ್ಯಾಕೋ ಭಯ ಆಗುತ್ತೆ” ಅಂದಳು.

ಅಷ್ಟರಲ್ಲಿ ಗೌರಿ ಹಬ್ಬ ಬಂತು. ನನಗೋ ಶೀತವಾಗಿ ಗಂಟಲು ಕಟ್ಟಿಕೊಂಡಿತ್ತು. ಬೆಳಿಗ್ಗೆ ಅತ್ತೆಗೆ ಫೋನ್ ಮಾಡಿದೆ.

“ನಿಮ್ಮಪ್ಪನ ಎಡಗೈ ಮೇಲೆ ಏನಿತ್ತು?”

“ಸುಟ್ಟ ಗಾಯದ ಕಲೆ. ದೀಪಾವಳಿ ಹೂಕುಂಡದ್ದು” ಅಂದೆ, ಕರ್ಕಶವಾಗಿ.

“ಉತ್ತರ ಸರಿಯಾಗಿದೆ. ಧ್ವನಿ ಸರಿಯಿಲ್ಲ. ಯಾವನೋ ನೀನು? ಈ ಉತ್ತರ ನಿನಗೆ ಹೇಳ್ಕೊಟ್ಟೋರು ಯಾರು?” ಟಕ್!

ಮತ್ತೆ ಮಾಡಿದರೆ ಎತ್ತಲಿಲ್ಲ. ಹೆಂಡತಿ ಮಾಡಿದರೂ ಎತ್ತಲಿಲ್ಲ. ಇಡೀ ಸಂಸಾರವೇ ನಕಲಿ ಎಂದು ತೀರ್ಮಾನವಾಗಿರಬೇಕು.

“ಹೋಗಿ ಮುಖ ತೋರಿಸಿ ಬನ್ನಿ. ಮುಖ ನೋಡಿದ ಮೇಲೂ ಅನುಮಾನ ಪಡ್ತಾರಾ?” ಅಂದಳು ಹೆಂಡತಿ. ನ್ಯಾಯವಾದ ಮಾತು. ಸೀರೆ, ಸೇವಂತಿಗೆ, ಬಾಳೆಹಣ್ಣು ಚೀಲಕ್ಕೆ ಹಾಕಿಕೊಂಡು ಸ್ಕೂಟರ್ ಹತ್ತಿದೆ. ರಸ್ತೆ ಅಗೆದಿದ್ದ ಕಡೆಯೆಲ್ಲ ಧೂಳು ಕುಡಿದು ಜೆ.ಪಿ. ನಗರ ತಲುಪುವಷ್ಟರಲ್ಲಿ ಇದ್ದ ಅಷ್ಟಿಷ್ಟು ಧ್ವನಿಯೂ ಹೊರಟುಹೋಯಿತು.

ಬೆಲ್ ಒತ್ತಿದೆ. ಅತ್ತೆ ಬಾಗಿಲಿಗೆ ಬಂದು ನಿಂತರು. ಮುಖದ ಮೇಲೆ ಬಿಸಿಲು.

“ಯಾರು?”

ಕೈ ಎತ್ತಿ ನಕ್ಕೆ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ತುಳಸಿ ಕಟ್ಟೆಯಷ್ಟು ಜಾಗ.

“ಯಾರು ಅಂತ ಕೇಳ್ದೆ.”

ಬಾಯಿ ತೆರೆದೆ. ಗಾಳಿ ಬಂತು, ಮಾತು ಬರಲಿಲ್ಲ. ಗಂಟಲು ಮುಟ್ಟಿ ತೋರಿಸಿದೆ.

“ಬಾಯಿ ಇಲ್ವೇನ್ರೀ ನಿಮ್ಗೆ?”

ರೀ! ನಿಮ್ಗೆ! ನಾನು ಹುಟ್ಟಿದಾಗಿನಿಂದ ಅತ್ತೆ ನನಗೆ ಅಷ್ಟು ಮರ್ಯಾದೆ ಕೊಟ್ಟಿದ್ದೇ ಇಲ್ಲ. ನಾಟಕ ಆಡುತ್ತಿದ್ದಾರೆ, ಇದೂ ಪರೀಕ್ಷೆಯೇ ಅಂದುಕೊಂಡು ಫೋನಿನಲ್ಲಿ ‘ಅತ್ತೆ, ನಾನು’ ಅಂತ ದಪ್ಪಕ್ಷರದಲ್ಲಿ ಬರೆದು ಗೇಟಿನ ಸರಳಿನೊಳಗೆ ಚಾಚಿ ಹಿಡಿದೆ.

“ಫೋನೆಲ್ಲ ತೋರಿಸ್ಬೇಡಿ. ಮಾರೋರು ಬರ್ಬೇಡಿ ಅಂತ ಗೇಟಲ್ಲೇ ಬೋರ್ಡ್ ಹಾಕಿದೀನಿ. ಕಣ್ಣು ಕಾಣ್ಸಲ್ವಾ?”

ಆಗ ನೋಡಿದೆ. ಅತ್ತೆ ಮಾತಾಡುತ್ತಿದ್ದದ್ದು ನನ್ನ ಜೊತೆಯಲ್ಲ. ನನ್ನ ಪಕ್ಕದ ಗೇಟಿನ ಕಂಬದ ಜೊತೆ. ಹಿಂದಕ್ಕೆ ಕೈ ಚಾಚಿ ಬಾಗಿಲ ಚಿಲಕಕ್ಕಾಗಿ ತಡಕಾಡುತ್ತಿದ್ದರು. ಧ್ವನಿ ಮಾತ್ರ ಪರೀಕ್ಷೆ ಹಾಲಿನದೇ. ನನ್ನ ನಗು ಇಂಗಿತು. ಅತ್ತೆಗೆ ಅನುಮಾನವಲ್ಲ, ಭಯ. ಅವರಿಗೆ ನಾನು ಕಾಣುತ್ತಿಲ್ಲ.

ಏನು ಮಾಡಲಿ? ಕೂಗಲು ಧ್ವನಿಯಿಲ್ಲ. ಗೇಟು ತಳ್ಳಿದರೆ ಇನ್ನೂ ಹೆದರುತ್ತಾರೆ. ಅಷ್ಟರಲ್ಲಿ ಗಂಟಲಿನ ಧೂಳು ಕೆರಳಿ ಕೆಮ್ಮು ಬಂತು. ಎರಡು ಸಲ ಚಿಕ್ಕದಾಗಿ, ಆಮೇಲೆ ಒಂದು ಸಲ ಉದ್ದಕ್ಕೆ. ನಾನಾಗಿ ಕೆಮ್ಮಿದ್ದಲ್ಲ. ನನ್ನೊಳಗೆ ಈ ಕೆಮ್ಮು ಇದೆ ಅಂತ ನನಗೇ ಗೊತ್ತಿರಲಿಲ್ಲ.

“ಅಣ್ಣಾ?” ಅಂದರು ಅತ್ತೆ.

ಹಾಗಂದವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೆಟ್ಟಿಲನ್ನು ಕಾಲಿನಲ್ಲಿ ತಡವಿ ಇಳಿದು ಬಂದು, ಚಿಲಕ ತೆಗೆದು, ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. “ಅಣ್ಣ ಅಲ್ಲ ಅಂತ ಗೊತ್ತು ಕಣೋ. ಒಂದು ಕ್ಷಣ ಅಷ್ಟೆ. ಬಾ, ಒಳಗ್ ಬಾ.”

ಆ ದಿನ ಮೊದಲ ಸಲ ಅತ್ತೆ ಪ್ರಶ್ನೆ ಕೇಳಲಿಲ್ಲ. ನಾನು ಮಾತಾಡುವ ಸ್ಥಿತಿಯಲ್ಲಿರಲಿಲ್ಲವಾದ್ದರಿಂದ ಅವರೇ ಎಲ್ಲ ಹೇಳಿದರು. ಎರಡೂ ಕಣ್ಣಿಗೆ ಪೊರೆ ಬಂದಿದೆಯಂತೆ. ಒಬ್ಬರೇ ಆಟೋದಲ್ಲಿ ಹೋಗಿ ಡಾಕ್ಟರಿಗೆ ತೋರಿಸಿದ್ದರಂತೆ. ಆಪರೇಷನ್ ಅಂದ ತಕ್ಷಣ ಎದ್ದು ಬಂದರಂತೆ.

“ಅವರು ಏನ್ ಮಾಡ್ತಿದಾರೆ ಅಂತ ನೋಡೋರು ಯಾರೋ? ನೋಡೋ ಕಣ್ಣನ್ನೇ ಅವರ ಕೈಗೆ ಕೊಟ್ಟು ಮಲಗಿರ್ತೀನಲ್ಲ!”

ನಮಗಾದರೂ ಯಾಕೆ ಹೇಳಲಿಲ್ಲ ಅಂತ ಕೈಸನ್ನೆ ಮಾಡಿ, ಅದು ಅವರಿಗೆ ಕಾಣದು ಅಂತ ನೆನಪಾಗಿ, ಅವರ ಕೈ ಅದುಮಿದೆ. ಅತ್ತೆಗೆ ಅರ್ಥವಾಯಿತು.

“ಮೇಲ್ವಿಚಾರಕರಿಗೆ ಕಣ್ಣು ಕಾಣಲ್ಲ ಅಂತ ಹಾಲಿಗೆ ಗೊತ್ತಾದ್ರೆ ಏನಾಗುತ್ತೆ? ಎಲ್ಲರೂ ಚೀಟಿ ತೆಗೀತಾರೆ. ಒಬ್ಬಳೇ ಇರೋಳು ನಾನು. ಅದಕ್ಕೇ ಗದರಿಸ್ಕೊಂಡು ಓಡಾಡ್ತಿದ್ದೆ.”

ಡೆಲಿವರಿಯವನ ಕೈಯಲ್ಲಿ ಓದಿಸಿದ್ದು, ಫೋನಿನ ಹೆಸರು ನಂಬದೇ ಇದ್ದದ್ದು, ಹಗಲಲ್ಲಿ ಉರಿಯುತ್ತಿದ್ದ ದೀಪ, ‘ಅಲ್ಲಿ ಏನೂ ಇಲ್ಲ’ ಅಂದ ನನ್ನ ಬೂದು ಬಣ್ಣದ ಗುಂಡಿ, ಎಲ್ಲವೂ ಒಟ್ಟಿಗೆ ಬಂದು ಎದೆಗೆ ಗುದ್ದಿದವು. ಟೀಕೆಯಲ್ಲ ಅದು! ನಿಜವಾಗಿಯೂ ಅವರಿಗೆ ಅಲ್ಲಿ ಏನೂ ಇರಲಿಲ್ಲ. ಜನರ ಕಣ್ಣಿಗೆ ಏನು ಕಾಣುತ್ತದೆ ಅನ್ನುವುದೇ ಕಸುಬಾಗಿರುವ ನಾನು ಎಷ್ಟು ನಕ್ಕಿದ್ದೆ! ಅಳು ಬಂತು. ಸದ್ದಿಲ್ಲದ ಅಳು, ಧ್ವನಿಯೇ ಇಲ್ಲವಲ್ಲ.

ಅತ್ತೆ ಸೀರೆಯ ಮೇಲೆ ಕೈಯಾಡಿಸಿದರು. ಯಾವಾಗಲೂ “ಬಣ್ಣ ಚೆನ್ನಾಗಿದೆ” ಅನ್ನುತ್ತಿದ್ದವರು ಅಂದು ಮೆಲ್ಲಗೆ “ಅಂಚು ಯಾವ ಬಣ್ಣ?” ಅಂದರು. ಹೇಳಲಾಗಲಿಲ್ಲ. ಅಂಗಳದಲ್ಲಿದ್ದ ದಾಸವಾಳ ಕಿತ್ತು ತಂದು ಅವರ ಕೈಗಿಟ್ಟೆ. ಅದನ್ನು ಬೆರಳಿನಲ್ಲಿ ಸವರಿ “ಕೆಂಪಾ?” ಅಂತ ನಕ್ಕರು. ಆಮೇಲೆ ಅದನ್ನು ಮುಡಿಗೆ ಸಿಕ್ಕಿಸಿಕೊಂಡು ಅಂದರು, “ಆಪರೇಷನ್ ಮಾಡಿಸ್ಕೋತೀನಿ. ಆದ್ರೆ ಆ ಹಾಲಿಗೆ ನೀನೇ ಮೇಲ್ವಿಚಾರಕ. ಕಣ್ಣು ಮಿಟುಕಿಸ್ಬಾರ್ದು.”

ಗಂಟಲು ತಕ್ಕಮಟ್ಟಿಗೆ ಬಿಟ್ಟ ಮೇಲೆ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಒಪ್ಪಿಗೆ ಪತ್ರದ ಸಣ್ಣಕ್ಷರಗಳನ್ನೆಲ್ಲ ಗಟ್ಟಿಯಾಗಿ ಓದಿದೆ. ನಮ್ಮ ಹಿಂದೆ ಕಾಯುತ್ತಿದ್ದವರೂ ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಡಾಕ್ಟರು ಬಂದು “ಏನಮ್ಮಾ, ರೆಡೀನಾ?” ಅಂದರು.

“ಎಸ್ಸೆಸ್ಸೆಲ್ಸೀಲಿ ನಿಮಗೆ ಗಣಿತದಲ್ಲಿ ಎಷ್ಟು ಬಂದಿತ್ತು ಡಾಕ್ಟ್ರೇ?”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಡಾಕ್ಟರು ತಲೆ ಕೆರೆದುಕೊಂಡು “ಅದೊಂದ್ ಕೇಳ್ಬೇಡಿ ಮೇಡಂ, ಜಸ್ಟ್ ಪಾಸು” ಅಂದರು.

“ನಿಜ ಹೇಳಿದ್ರಿ. ಮಾಡಿ” ಅಂದರು ಅತ್ತೆ.

ಮೊದಲ ಕಣ್ಣಿನ ಆಪರೇಷನ್ ಆದ ಮೇಲೆ ಅವರ ಜೊತೆ ಇರಲು ನನ್ನ ಹೆಂಡತಿ ಹೋದಳು. ಮಾರನೆಯ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಕಣ್ಣಿನ ಕಟ್ಟು ಬಿಚ್ಚಿದ್ದರು. ಬೆಳಗಿನ ಬಿಸಿಲು ಚೆನ್ನಾಗಿತ್ತು, ಮನೆಯೊಳಗೆ ಟ್ಯೂಬ್‌ಲೈಟು ಉರಿಯುತ್ತಿರಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು, ಹಬ್ಬದ ಸೀರೆ ಉಟ್ಟುಕೊಂಡು ಅತ್ತೆ ಅಂಗಳದಲ್ಲಿ ಕೂತಿದ್ದರು. ನಾನು ಬೆಲ್ಲಿಗೆ ಕೈ ಹಾಕುವ ಮುಂಚೆಯೇ “ನಿಲ್ಲು ಅಲ್ಲೇ!” ಅಂದರು.

ನಿಂತೆ. ಅತ್ತೆ ನೋಡಿದರು. ಕಂಬವನ್ನಲ್ಲ, ನನ್ನನ್ನು. ಹಣೆ, ಕೆನ್ನೆ, ತಲೆ, ಎಲ್ಲವನ್ನೂ ಉತ್ತರಪತ್ರಿಕೆ ತಿದ್ದುವವರ ಹಾಗೆ ನಿಧಾನಕ್ಕೆ ನೋಡಿದರು.

“ಇದೇನೋ ಇದು, ಇಷ್ಟೊಂದು ನರೆತುಬಿಟ್ಟಿದೆ! ನಮ್ಮ ಹುಡುಗನ ತಲೆ ಕಪ್ಪಗಿತ್ತು. ನಮ್ಮಣ್ಣನ ಥರ ಇದೀಯಲ್ಲ, ಯಾರಪ್ಪಾ ನೀನು? ನೀನೇ ಅನ್ನೋದಕ್ಕೆ ಏನು ಸಾಕ್ಷಿ?”

ಬಾಯಿ ತಮಾಷೆ ಮಾಡುತ್ತಿತ್ತು. ಕಪ್ಪು ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು. ಎಷ್ಟು ಕಾಲದಿಂದ ನನ್ನ ಮುಖ ನೋಡಿರಲಿಲ್ಲವೋ ಅವರು!

ನನ್ನ ಗಂಟಲು ಅಷ್ಟು ಹೊತ್ತಿಗೆ ಪೂರ್ತಿ ವಾಸಿಯಾಗಿತ್ತು. ಹಸುವಿನ ಹೆಸರೂ ಗೊತ್ತಿತ್ತು, ಕೈಮೇಲಿನ ಕಲೆಯೂ ಗೊತ್ತಿತ್ತು. ಆದರೂ ಉತ್ತರ ಹೇಳಲಿಲ್ಲ. ಗೇಟು ಹಿಡಿದುಕೊಂಡು ಕೆಮ್ಮಿದೆ. ಎರಡು ಸಲ ಚಿಕ್ಕದಾಗಿ, ಆಮೇಲೆ ಒಂದು ಸಲ ಉದ್ದಕ್ಕೆ.